ಬಲಗಿವಿ ಇರುವಷ್ಟು ದಿನ

ಉಮದಿ
12 ಜೂನ್ 2023

ದಾಕ್ಷಾಯಣಿ,

ಊರಿನ ಕ್ಷೇಮ ಸಮಾಚಾರವನ್ನೆಲ್ಲ ನಿನ್ನ ಅಪ್ಪ ಮಲಕಾಜಪ್ಪನವರು ಫೋನಿನಲ್ಲಿ ಹೇಳಿಯೇ ಇರುತ್ತಾರೆ. ಆ ನಾಲ್ಕು ಸಾಲು ಬಿಟ್ಟು ನೇರ ಕೆಲಸದ ಮಾತಿಗೆ ಬರುತ್ತೇನೆ. ನನಗೆ ಗಿಟಾರಿನ ಸದ್ದು ಒಡೆಯುವ ಒಂದು ಡಿಸ್ಟಾರ್ಷನ್ ಪೆಡಲ್ ಬೇಕು, ಸದ್ದು ಏರಿಸಲು ಒಂದು ಆಂಪ್ ಬೇಕು. ಮನೆಯಲ್ಲೇ ಗಿಟಾರ್ ರೆಕಾರ್ಡಿಂಗ್ ಮಾಡಬೇಕೆಂದಿದ್ದೇನೆ. ನೀನು ಪುಣೆಯಲ್ಲಿ ಗಿಟಾರಿನ ಅಂಗಡಿಯೊಂದರಲ್ಲಿ ರಿಪೇರಿ ಟೇಬಲ್ಲಿಗೆ ಕೂಡುತ್ತೀಯಂತೆ. ನಿನ್ನನ್ನು ಬಿಟ್ಟು ಇನ್ನಾರನ್ನು ಕೇಳಲಿ?

ಯಾರಿವನು ಎಂದು ಹುಬ್ಬು ಏರಿಸಬೇಡ. ನಿಮ್ಮ ಅರಿವೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಸೀರೆ ಗಂಟುಗಳ ಮೇಲೆ ಕೂರಿಸಿ, ನಿನಗೆ ಗಿಟಾರ್ ಹಿಡಿಯಲು ಕಲಿಸಿದ ಸಾಜಿದ ನಾನೇ. ಮದುವೆ ಮೆರವಣಿಗೆಗೆ ಬಾರಿಸುತ್ತಿದ್ದ ಬೆಂಜೊ ಪಾರ್ಟಿಯ ಸಾಜಿದ. ಬೆರಳು ನೋಯುತ್ತದೆ ಎಂದು ನೀನು ಅತ್ತಾಗ, "ಅಳೂದಿದ್ರ ಮನಿಗೆ ಹೋಗಿ ಅಳು, ತಂತಿಗೆ ಜಂಗ ಹಿಡೀತೈತಿ" ಎಂದು ಬೈದಿದ್ದೆನಲ್ಲ, ಅವನೇ.

ಪಾರ್ಟಿ ಮುಚ್ಚಿ ವರ್ಷಗಳಾದವು. ಈಗ ಮದುವೆಯ ವರಾತಿಗೆ ಎಲ್ಲರಿಗೂ ಡಿಜೆ ಬೇಕು. ಆದರೆ ಆಗ ಗಾಡಿಯ ಮೇಲೆ ನಿಂತು ನಾನು ಬಾರಿಸುತ್ತಿದ್ದ ಧಾಟಿಗಳಲ್ಲಿ ಒಂಬತ್ತು ನನ್ನವೇ. ಯಾವ ಸಿನೆಮಾದಿಂದಲೂ ಎತ್ತಿಕೊಂಡದ್ದಲ್ಲ. ಹಾಳೆಯ ಮೇಲಿಲ್ಲ, ಕ್ಯಾಸೆಟ್ಟಿನಲ್ಲಿಲ್ಲ, ನನ್ನ ಬೆರಳಲ್ಲಿ ಮಾತ್ರ ಇವೆ. ಅವುಗಳನ್ನು ಉಳಿಸಬೇಕು, ಅದೂ ಬೇಗ.

ಬೇಗ ಯಾಕೆಂದರೆ, ನನ್ನ ಎಡಗಿವಿ ಹೋಗಿದೆ. ಪೂರಾ. ಬಲಗಿವಿಯೂ ಅದೇ ದಾರಿ ಹಿಡಿದಿದೆ ಎಂದು ವಿಜಯಪುರದ ಡಾಕ್ಟರು ಹೇಳಿದರು. "ಮನಿ ಮಂದಿ ಮಾತ ಕೇಳಬೇಕಂತ ಆಶಾ ಇದ್ರ ಜೋರ ಸದ್ದಿನ ಹತ್ರ ಸುಳೀಬ್ಯಾಡ್ರಿ, ಗಿಟಾರ ಸಾಕ ಮಾಡ್ರಿ" ಎಂದರು. ನಾನು ಹ್ಞೂಂ ಎಂದು ಬಂದೆ. ಹೆಂಡತಿ ಸುಲತಾನಾಳಿಗೆ ಅರ್ಧ ಹೇಳಿದ್ದೇನೆ, ನಿನಗೆ ಪೂರ್ತಿ ಹೇಳುತ್ತಿದ್ದೇನೆ. ಮಗಳು ಸನಾಳಿಗೆ ಎಂಟು ವರ್ಷ. ಎದ್ದಾಗಿನಿಂದ ಮಲಗುವ ತನಕ ಒಂದೇ ಸಮನೆ ಮಾತು, ನಡುವೆ ಉಸಿರಾಡುತ್ತಾಳೋ ಇಲ್ಲವೋ ಎಂದು ನಮಗೇ ಅನುಮಾನ. ಅವಳ ಆ ಮಾತಿಗಾದರೂ ಈ ಕಿವಿ ಉಳಿಯಬೇಕು. ಧಾಟಿಗಳೂ ಉಳಿಯಬೇಕು. ಅದಕ್ಕೇ ನಿನ್ನನ್ನು ಕೇಳುವುದು: ಸದ್ದು ಸಣ್ಣದಿರಬೇಕು, ಆದರೆ ಗಾಡಿಯ ಮೇಲೆ ಅರಿವೆ ಹರಿದ ಹಾಗೆ ಹರಿಯುತ್ತಿತ್ತಲ್ಲ, ಹಾಗೆ ಹರಿಯಬೇಕು.

ಫೋನ್ ಮಾಡಬೇಡ. ಫೋನಿನ ಮಾತು ನನಗೆ ಕಲಸಿ ಬರುತ್ತದೆ. ತಾನಾಜಿಯ ಟ್ರಾವೆಲ್ಸ್ ಗಾಡಿ ಇಲ್ಲಿಂದ ಪುಣೆಗೆ ಬರುತ್ತದೆ, ಡಬ್ಬಿಯಲ್ಲಿ ಸಾಮಾನಿನ ಜೊತೆ ಕಾಗದ ಇಟ್ಟು ಕಳಿಸು. ಈ ಡಬ್ಬಿಯಲ್ಲಿ ಸುಲತಾನಾ ರೊಟ್ಟಿಗೆಂದು ಶೇಂಗಾ ಹಿಂಡಿ ಇಟ್ಟಿದ್ದಾಳೆ.

ಸಾಜಿದ


ಪುಣೆ
25 ಜೂನ್ 2023

ಸಾಜಿದಣ್ಣ,

ಡಬ್ಬಿ ತೆರೆದ ಕೂಡಲೇ ಹಿಂಡಿಯ ವಾಸನೆಗೆ ಇಡೀ ಅಂಗಡಿ ನನ್ನ ಟೇಬಲ್ಲಿನ ಸುತ್ತ ನೆರೆಯಿತು. ಕಾಗದವನ್ನು ಆಮೇಲೆ ಒಬ್ಬಳೇ ಕೂತು ಓದಿದೆ. ಕಿವಿಯ ವಿಷಯವನ್ನು ಎರಡು ಸಲ ಓದಿದೆ. ಏನು ಬರೆಯಬೇಕೋ ತಿಳಿಯದು. ತಿಳಿದದ್ದನ್ನು ಬರೆಯುತ್ತೇನೆ.

ಸದ್ದನ್ನು ಹರಿಯುವ ಪೆಡಲುಗಳಲ್ಲಿ ಮೂರು ಜಾತಿ. ಓವರ್‌ಡ್ರೈವ್ ಎಂದರೆ ಮಾತಾಡುತ್ತ ಮಾತಾಡುತ್ತ ಗಂಟಲು ಸ್ವಲ್ಪ ಕಟ್ಟಿದ ಹಾಗೆ. ಡಿಸ್ಟಾರ್ಷನ್ ಎಂದರೆ ಜಗಳಕ್ಕೆ ನಿಂತ ದನಿ. ಫಜ್ ಎಂಬುದು ಒಂದಿದೆ, ಅದು ಧ್ವನಿವರ್ಧಕದ ಒಡೆದ ಭೋಂಗಾದಿಂದ ಬಂದ ಹಾಗಿರುತ್ತದೆ. ನಿಮ್ಮ ಧಾಟಿಗಳಲ್ಲಿ ಜಾರು, ಗಮಕ ಜಾಸ್ತಿ. ಬಹಳ ಹರಿದರೆ ಅವೆಲ್ಲ ಮಣ್ಣುಪಾಲಾಗುತ್ತವೆ. ಅದಕ್ಕೆ ಓವರ್‌ಡ್ರೈವ್ ಕಳಿಸಿದ್ದೇನೆ. ಟೋನ್ ನಾಬನ್ನು ಗಡಿಯಾರದ ಹನ್ನೆರಡರ ಜಾಗದಲ್ಲಿಡಿ, ಬಲಕ್ಕೆ ತಿರುಗಿಸಿದಷ್ಟೂ ಸದ್ದು ಮೊನಚಾಗುತ್ತದೆ.

ಆಂಪ್ ನೋಡಿ ನಗಬೇಡಿ. ಒಂದೇ ಒಂದು ವ್ಯಾಟಿನದು, ಹಳೆಯ ರೇಡಿಯೋದಲ್ಲಿರುತ್ತಿದ್ದ ಹಾಗೆ ವಾಲ್ವಿನದು. ದೊಡ್ಡ ಆಂಪನ್ನು ಸಣ್ಣಗಿಟ್ಟರೆ ಅದು ತೂಕಡಿಸುತ್ತದೆ. ಸಣ್ಣ ಆಂಪನ್ನು ಪೂರ್ತಿ ತೆರೆದರೆ ತಾನೇ ಒಡೆಯುತ್ತದೆ, ಮನೆಯಲ್ಲಿ ರೆಕಾರ್ಡಿಂಗ್ ಮಾಡುವವರಿಗೆ ಆ ಒಡಕೇ ಬೇಕು. ಮೈಕನ್ನು ಸ್ಪೀಕರಿನ ನಡುಮಧ್ಯಕ್ಕೆ ಹಿಡಿಯದೆ ಸ್ವಲ್ಪ ಅಂಚಿಗೆ ಹಿಡಿಯಿರಿ, ಕರ್ಕಶ ಕಡಿಮೆಯಾಗುತ್ತದೆ. ಆಂಪೇ ಬೇಡವೆಂದರೆ ಗಿಟಾರನ್ನು ನೇರ ಲ್ಯಾಪ್‌ಟಾಪಿಗೆ ಹಚ್ಚಿ, ಆಂಪಿನ ಸದ್ದನ್ನು ಕಂಪ್ಯೂಟರಿನೊಳಗೇ ಹುಟ್ಟಿಸಬಹುದು. ನಿಮ್ಮ ಕಿವಿಗೆ ಅದೇ ಒಳ್ಳೆಯದು. ಆದರೆ ನೀವು ಒಪ್ಪುವುದಿಲ್ಲ ಎಂದು ನನಗೆ ಗೊತ್ತು.

ಹೆಡ್‌ಫೋನ್ ಹಾಕಿಕೊಂಡಾಗ ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ನಿಮಗೆ ಕೇಳಿಸಬೇಕು, ಆವಾಜು ಅಷ್ಟೇ ಇರಲಿ. ಆಗಾಗ ಎದ್ದು ಹೊರಗೆ ಹೋಗಿ. ಕಿತ್ತಳೆ ಬಣ್ಣದ ಮೆತ್ತನೆಯ ಬೂಚುಗಳನ್ನೂ ಇಟ್ಟಿದ್ದೇನೆ, ಬರೀ ಆಂಪ್ ಹಚ್ಚಿ ಅಭ್ಯಾಸ ಮಾಡುವಾಗ ಕಿವಿಗೆ ಹಾಕಿಕೊಳ್ಳಿ. ದಯವಿಟ್ಟು ಅಣ್ಣಾ.

ನಿಮ್ಮ
ದಾಕ್ಷಾಯಣಿ


ಉಮದಿ
20 ಜುಲೈ 2023

ದಾಕ್ಷಾ,

ಒಂದು ವ್ಯಾಟು! ಡಬ್ಬಿ ಬಿಚ್ಚಿದಾಗ ಸನಾ ತನ್ನ ಅಪ್ಪನನ್ನೇ ಕೂಗಿ, "ಅಬ್ಬಾ, ಇದು ನಂದು, ನನಗ ಕಳಸ್ಯಾರ" ಎಂದು ಎತ್ತಿಕೊಂಡು ಓಡಿದಳು. ಹಿಡಿದು ತರುವುದರಲ್ಲಿ ಸಾಕಾಯಿತು. ಗಾಡಿಯ ಮೇಲೆ ಜನರೇಟರು, ಅದರ ಮೇಲೆ ನಾಲ್ಕು ಭೋಂಗಾ, ಮುಂದೆ ಧೋಲು ತಾಶಾ, ಅದೆಲ್ಲವನ್ನೂ ಸೀಳಿಕೊಂಡು ಹೋಗುವ ಗಿಟಾರು ಬಾರಿಸಿದವನ ಮುಂದೆ ಈಗ ಈ ಟಿಫಿನ್ ಡಬ್ಬಿ. ಆದರೆ ಪೂರ್ತಿ ತೆರೆದು ಒಂದು ತಂತಿ ಎಳೆದೆ ನೋಡು, ಮೈಮೇಲಿನ ಕೂದಲು ನಿಂತವು. ನೀನು ಹೇಳಿದ್ದು ಖರೆ. ಸಣ್ಣದಾದರೂ ಸಿಟ್ಟಿನದು. ಕಂಪ್ಯೂಟರಿನೊಳಗೆ ಹುಟ್ಟಿಸುವ ಸದ್ದು ಮಾತ್ರ ನನ್ನ ಮುಂದೆ ತರಬೇಡ. ಸ್ಪೀಕರಿನಿಂದ ಗಾಳಿ ಬಂದು ಮೊಣಕಾಲಿಗೆ ಬಡಿಯದಿದ್ದರೆ ಅದು ಗಿಟಾರೇ ಅಲ್ಲ.

ಹಿಂದಿನ ಕೋಣೆಯ ಗೋಡೆಗೆಲ್ಲ ಅವ್ವ ಹೊಲಿದ ಕೌದಿಗಳನ್ನು ತೂಗುಹಾಕಿದ್ದೇನೆ. ತಗಡಿನ ಮನೆಯಾದರೂ ಸದ್ದು ಹೊರಗೆ ಹೋಗುವುದಿಲ್ಲ, ತಿರುಗಿಯೂ ಬರುವುದಿಲ್ಲ. ಪಾರ್ಟಿಯಲ್ಲಿ ಧೋಲು ಬಾರಿಸುತ್ತಿದ್ದ ಮಹಾಂತ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದಾನೆ. ಮೈಕು, ಆಂಪು, ನಾನು ಮೂವರೂ ಅಲ್ಲೇ ಒತ್ತೊತ್ತಾಗಿ ಕೂತಿದ್ದೇವೆ.

ಬೂಚುಗಳ ವಿಷಯ. ಸಿಟ್ಟಾಗಬೇಡ, ನಾನು ಹಾಕುವುದಿಲ್ಲ. ಕಿವಿಗೆ ಹತ್ತಿ ಇಡುವುದು ಮಯ್ಯತ್ತಿಗೆ, ಹೆಣಕ್ಕೆ. ನಮ್ಮಲ್ಲೂ ಹಾಗೆ, ನಿಮ್ಮಲ್ಲೂ ಹಾಗೆ. ಪಾರ್ಟಿಯಲ್ಲಿ ಯಾರೂ ಇಡುತ್ತಿರಲಿಲ್ಲ. ಒಂದು ಸಲ ಬಿಳೂರಿನ ಮದುವೆಯಲ್ಲಿ ತಲೆನೋವೆಂದು ಮಹಾಂತ ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಅಲ್ಲಿಗೆ ಬಂದಿದ್ದ ಅವನ ಅವ್ವ ನೋಡಿ, "ಅಯ್ಯ ನನ್ನ ಮಗನ, ಜೀವಂತ ಇದ್ದಾಗ ಯಾಕ ಇಟಗೊಂಡಿ" ಎಂದು ಬೊಬ್ಬೆ ಹಾಕಿ, ಗಾಡಿ ಹತ್ತಿ ಕಿತ್ತೆಸೆದಿದ್ದಳು. ಬೀಗರೆಲ್ಲ ನೋಡುತ್ತ ನಿಂತರು. ಆಮೇಲೆ ನಾವು ಯಾರೂ ಆ ಮಾತೇ ಎತ್ತಲಿಲ್ಲ. ನೀನು ಕಳಿಸಿದ್ದು ಹತ್ತಿಯಲ್ಲ ಎಂದು ಬುದ್ಧಿಗೆ ತಿಳಿಯುತ್ತದೆ, ಕೈಗೆ ತಿಳಿಯುವುದಿಲ್ಲ. ಸನಾ ಅವುಗಳಿಗೆ ಕಣ್ಣು ಮೂಗು ಬರೆದು ಗೊಂಬೆ ಮಾಡಿಕೊಂಡಿದ್ದಾಳೆ.

ಮೊದಲ ಧಾಟಿ ಪೆನ್‌ಡ್ರೈವಿನಲ್ಲಿದೆ. ವಾಟ್ಸಾಪಿನಲ್ಲಿ ಹಾಕಿದರೆ ಸದ್ದನ್ನು ಹಿಂಡಿಬಿಡುತ್ತದೆ. ನೀನು ಹೇಳಿದಂತೆ ಟೋನನ್ನು ಹನ್ನೆರಡಕ್ಕೆ ಇಟ್ಟರೆ ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಪೂರ್ತಿ ಬಲಕ್ಕೆ ತಿರುಗಿಸಿದ ಮೇಲೆ ಜೀವ ಬಂತು. ಮೈಕನ್ನೂ ನಡುಮಧ್ಯಕ್ಕೇ ಹಿಡಿದೆ. ಕೇಳಿ ಖರೆ ಹೇಳು.

ಸಾಜಿದ


ಪುಣೆ
5 ಆಗಸ್ಟ್ 2023
(ಬರೆದು ಕಳಿಸದೆ ಇಟ್ಟದ್ದು)

ಸಾಜಿದಣ್ಣ,

ಖರೆ ಹೇಳು ಎಂದಿದ್ದೀರಿ, ಹೇಳುತ್ತೇನೆ. ನಿಮ್ಮ ರೆಕಾರ್ಡಿಂಗನ್ನು ಅಂಗಡಿಯಲ್ಲಿ ಹಚ್ಚಿದಾಗ ಜೊತೆಯವರು ಕಿವಿ ಮುಚ್ಚಿಕೊಂಡು, "ಬಂದ್ ಕರ್ ಗ" ಎಂದು ಮರಾಠಿಯಲ್ಲಿ ಕೂಗಿದರು. ತಗಡಿನ ಮೇಲೆ ಮೊಳೆ ಎಳೆದ ಹಾಗಿದೆ. ಧಾಟಿ ಸುಂದರವಾಗಿದೆ, ಅದರ ಮೇಲೆ ಆ ಕೀರಲು ಸದ್ದು ಕೂತಿದೆ. ಇದು ಪೆಡಲಿನ ತಪ್ಪಲ್ಲ, ಮೈಕಿನದೂ ಅಲ್ಲ. ಆ ಮೊನಚು ನಿಮಗೆ ಕೇಳಿಸುತ್ತಲೇ ಇಲ್ಲ, ಅಣ್ಣಾ. ಅದಕ್ಕೇ ಹನ್ನೆರಡರಲ್ಲಿ ನಿಮಗೆ ಕಂಬಳಿ ಹೊದ್ದಂತೆ ಅನಿಸಿದ್ದು. ಬಲಗಿವಿ ನೀವು ತಿಳಿದದ್ದಕ್ಕಿಂತ ಹೆಚ್ಚು ಹೋಗಿದೆ. ನಿಲ್ಲಿಸಿ. ಈಗಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಧಾಟಿಗಳನ್ನು ಬೇಕಾದರೆ ನಾನು ಬಂದು ನಿಮ್ಮಿಂದ ಕಲಿತು ಬಾರಿಸುತ್ತೇನೆ.


ಪುಣೆ
6 ಆಗಸ್ಟ್ 2023

ಸಾಜಿದಣ್ಣ,

ಧಾಟಿ ಕೇಳಿದೆ. ಕಣ್ಣಲ್ಲಿ ನೀರು ಬಂತು. ಗೋದಾಮಿನಲ್ಲಿ ನೀವು ಇದನ್ನೇ ಬಾರಿಸುತ್ತಿದ್ದಿರಿ, ಆಗ ಇದು ನಿಮ್ಮದೆಂದು ನನಗೆ ಗೊತ್ತಿರಲಿಲ್ಲ. ಯಾವುದೋ ಹಳೆಯ ಹಾಡು ಅಂದುಕೊಂಡಿದ್ದೆ. ಅಷ್ಟು ಚೆನ್ನಾಗಿದೆ.

ಸದ್ದೂ ಚಲೋ ಬಂದಿದೆ. ಕೂದಲೆಳೆಯಷ್ಟು ಮೊನಚು ಜಾಸ್ತಿ ಅನಿಸಿತು. ಅದೇನು ದೊಡ್ಡದಲ್ಲ, ಆಮೇಲೆ ಇಲ್ಲಿ ನಾನು ಸರಿಮಾಡಿಕೊಳ್ಳುತ್ತೇನೆ. ನಿಧಾನಕ್ಕೆ ಮಾಡಿ, ಅವಸರ ಬೇಡ. ಹೆಡ್‌ಫೋನ್ ಸಣ್ಣಗಿರಲಿ. ನಡುವೆ ಒಮ್ಮೆ ವಿಜಯಪುರಕ್ಕೆ ಹೋಗಿ ಕಿವಿ ತೋರಿಸಿಕೊಂಡು ಬರಬಾರದೇ?

ನಿಮ್ಮ
ದಾಕ್ಷಾಯಣಿ


ಉಮದಿ
15 ಸೆಪ್ಟೆಂಬರ್ 2023

ದಾಕ್ಷಾ,

ನಿನ್ನ ಕಾಗದವನ್ನು ಸುಲತಾನಾಳಿಗೂ ಓದಿ ಹೇಳಿದೆ. "ಹೊಗಳ್ಯಾರ ಅಂತ ಇನ್ನ ಆ ಕ್ವಾಣಿ ಬಿಟ್ಟ ಹೊರಗ ಬರೂದಿಲ್ಲ ನೀವು" ಎಂದಳು. ಅವಳು ಹೇಳಿದ್ದೇ ಆಯಿತು. ಇನ್ನೂ ಮೂರು ಧಾಟಿ ಮುಗಿಸಿದ್ದೇನೆ, ಕಳಿಸಿದ್ದೇನೆ. ನನಗೆ ಒಳಗೊಳಗೇ ಹೆದರಿಕೆ ಇತ್ತು, ಈಗ ಹೇಳಿದರೆ ಅಡ್ಡಿಯಿಲ್ಲ. ಬಲಗಿವಿಯೂ ನನಗೆ ಮೋಸ ಮಾಡುತ್ತಿದೆಯೋ ಏನೋ, ನನಗೆ ಚಲೋ ಅನಿಸಿದ್ದು ಖರೆಯೇ ಚಲೋ ಇದೆಯೋ ಇಲ್ಲವೋ ಎಂದು. ನೀನು ಚಲೋ ಬಂದಿದೆ ಎಂದು ಬರೆದ ಮೇಲೆ ಆ ಹೆದರಿಕೆ ಬಿಟ್ಟಿತು. ಡಾಕ್ಟರಿಗೆ ಬಿಳಿ ಕೋಣೆಯಲ್ಲಿ ಕೂರಿಸಿ ಪೀಂ ಪೀಂ ಎನ್ನಿಸುವುದು ಗೊತ್ತು. ಗಿಟಾರು ಕೇಳುವ ಕಿವಿ ನಿನ್ನದು. ವಿಜಯಪುರಕ್ಕೆ ಈಗ ಹೋಗುವುದಿಲ್ಲ.

ಒಂದೇ ತಕರಾರು. ಈ ಪೆಡಲು ಮೃದು. ವರಾತಿಯಲ್ಲಿ ಬಾರಿಸುವ ಧಾಟಿಗಳಿಗೆ ಇದು ಸಾಲದು. ಇನ್ನೂ ಖಡಕ್ ಆದದ್ದು, ಕಚ್ಚುವಂಥದ್ದು ಕಳಿಸು. ನೀನು ಜಗಳಕ್ಕೆ ನಿಂತ ದನಿ ಎಂದೆಯಲ್ಲ, ಅದು.

ಕೌದಿ ಬಹಳ ದಪ್ಪವಾಗಿವೆ. ಸನಾ ಬಾಗಿಲಲ್ಲಿ ನಿಂತು ಕರೆದರೂ ಒಳಗೆ ಕೇಳುವುದಿಲ್ಲ. ಒಳಗೆ ಬಂದು ತೋಳು ಜಗ್ಗುತ್ತಾಳೆ.

ಸಾಜಿದ


ಪುಣೆ
2 ಅಕ್ಟೋಬರ್ 2023

ಸಾಜಿದಣ್ಣ,

ಮೂರೂ ಧಾಟಿ ಕೇಳಿದೆ. ಎರಡನೆಯದರಲ್ಲಿ ನಡುವೆ ಒಂದು ಕಡೆ ಸುಮ್ಮನೆ ನಿಂತು, ಬಿಟ್ಟು, ಮತ್ತೆ ಹಿಡಿಯುತ್ತೀರಲ್ಲ, ಅದನ್ನು ತಿರುಗಿ ತಿರುಗಿ ಹಚ್ಚಿ ಕೇಳಿದೆ. ಎಲ್ಲವೂ ಚೆನ್ನಾಗಿವೆ.

ನೀವು ಕೇಳಿದ ಡಿಸ್ಟಾರ್ಷನ್ ಪೆಡಲ್ ಕಳಿಸಿದ್ದೇನೆ. ಇದು ಖಡಕ್. ನನ್ನ ಟೇಬಲ್ಲಿನ ಮೇಲೆ ನಾನೇ ತೆರೆದು ನೋಡಿ, ಪರೀಕ್ಷೆ ಮಾಡಿ ಕಳಿಸಿದ್ದು. ಇದರ ಟೋನನ್ನು ನಿಮಗೆ ಬೇಕಾದಷ್ಟು ತಿರುಗಿಸಿಕೊಳ್ಳಿ, ಚಿಂತೆಯಿಲ್ಲ. ಇದನ್ನು ಬಿಟ್ಟು ಹಳೆಯದನ್ನು ಬಳಸಬೇಡಿ.

ಸನಾ ಕರೆದದ್ದು ಕೇಳಿಸದಷ್ಟು ಕೌದಿ ದಪ್ಪವಾಗಿದ್ದರೆ ಒಂದೆರಡನ್ನು ತೆಗೆದುಬಿಡಿ. ರೆಕಾರ್ಡಿಂಗಿಗೆ ಏನೂ ಆಗುವುದಿಲ್ಲ.

ನಿಮ್ಮ
ದಾಕ್ಷಾಯಣಿ


ಉಮದಿ
10 ನವೆಂಬರ್ 2023

ದಾಕ್ಷಾ,

ಒಂದು ಕೌದಿ ತೆಗೆದೆ. ವ್ಯತ್ಯಾಸವೇನೂ ಆಗಲಿಲ್ಲ, ಮತ್ತೆ ಹಾಕಿದೆ.

ನಿನ್ನ ಪೆಡಲು ಬೊಗಳುತ್ತದೆ, ಕಚ್ಚುವುದಿಲ್ಲ. ಟೋನ್ ಕೊನೆಯತನಕ ತಿರುಗಿಸಿದರೂ ಮುಸುಕು ಸರಿಯುವುದಿಲ್ಲ. ತಂತಿ ಬದಲಿಸಿದೆ, ವಾಯರು ಬದಲಿಸಿದೆ, ಮೈಕನ್ನು ಸ್ಪೀಕರಿಗೆ ಮೂಗು ತಾಗುವ ಹಾಗೆ ಹಿಡಿದೆ. ಯಾವುದೂ ಆಗಲಿಲ್ಲ. ಕೊನೆಗೆ ಹೆಡ್‌ಫೋನಿನ ಆವಾಜು ಏರಿಸಿದೆ. ಏರಿಸಿದಾಗ ಬರುತ್ತದೆ. ಪೂರ್ತಿ ಏರಿಸಿದಾಗ, ಗಾಡಿಯ ಮೇಲೆ ಬರುತ್ತಿತ್ತಲ್ಲ, ಅದರ ನೆರಳು ಬರುತ್ತದೆ. ಅದರ ಬೆನ್ನು ಹತ್ತಿ ಬೆಳಗಿನಿಂದ ಸಂಜೆಯತನಕ ಕೂತಿರುತ್ತೇನೆ. ಊಟದ ನೆನಪೂ ಆಗುವುದಿಲ್ಲ. ಹೀಗೆ ಏಳು ಧಾಟಿ ಮುಗಿದವು. ಮೂರು ಈ ಡಬ್ಬಿಯಲ್ಲಿವೆ. ಇನ್ನೆರಡು ಉಳಿದಿವೆ, ಅವೇ ಎಲ್ಲಕ್ಕಿಂತ ಚಲೋ ಇರುವವು.

ಹೆಡ್‌ಫೋನ್ ತೆಗೆದ ಮೇಲೆ ಕುಕ್ಕರ್ ಸೀಟಿ ಹೊಡೆದ ಹಾಗೆ ಕಿವಿಯಲ್ಲಿ ಸದ್ದು ಬರುತ್ತದೆ. ಮೊದಲು ಚಹಾ ಕುಡಿಯುವುದರೊಳಗೆ ಹೋಗುತ್ತಿತ್ತು, ಈಗ ಮರುದಿನವೂ ಇರುತ್ತದೆ. "ನಾಳೀನ ವಿಜಯಪುರಕ್ಕ ಹೋಗೂಣು, ಎರಡ ಧಾಟಿ ಎಲ್ಲಿ ಓಡಿ ಹೊಂಟಾವು" ಎಂದು ಸುಲತಾನಾ ಅಳುತ್ತಾಳೆ. ಎರಡೇ ಉಳಿದಿವೆ, ಮುಗಿಸಿ ಹೋಗೋಣ ಎಂದಿದ್ದೇನೆ. ಸನಾ ಸಿಟ್ಟು ಮಾಡಿಕೊಂಡಿದ್ದಾಳೆ. ಸಾಲಿಯಲ್ಲಿ ಏನೋ ಆದದ್ದನ್ನು ಹೇಳಲು ಬಂದಿದ್ದಳಂತೆ, ನಾನು ಹೋಗು ಎಂದು ಕೈಮಾಡಿದೆನಂತೆ.

ನೀನು ಹೇಳು, ಈ ಮುಸುಕು ಯಾಕೆ? ಪೆಡಲಿನೊಳಗೆ ಏನಾದರೂ ಕೆಟ್ಟಿದೆಯೇ?

ಸಾಜಿದ


ಪುಣೆ
17 ನವೆಂಬರ್ 2023

ಸಾಜಿದಣ್ಣ,

ಹೆಡ್‌ಫೋನನ್ನು ತೆಗೆದಿಡಿ. ಇದನ್ನು ಓದಿದ ಗಳಿಗೆಯಲ್ಲೇ ತೆಗೆದು ಸುಲತಾನಾ ಭಾಭಿಯ ಕೈಗೆ ಕೊಡಿ. ಪೆಡಲು ಕೆಟ್ಟಿದೆ, ಹೌದು. ಅದರಲ್ಲಿ ದೋಷವಿದೆ, ನನಗೆ ವಾಪಸ್ ಕಳಿಸಿ, ಸರಿಮಾಡಿ ಕೊಡುತ್ತೇನೆ. ಅದು ಬರುವತನಕ ಏನೂ ಬಾರಿಸಬೇಡಿ. ಕುಕ್ಕರಿನ ಸದ್ದು ಒಳ್ಳೆಯದಲ್ಲ. ನಾಳೆಯೇ ವಿಜಯಪುರಕ್ಕೆ ಹೋಗಿ.

ಏಳೂ ಧಾಟಿ ಚೆನ್ನಾಗಿವೆ. ಏಳೇ ಸಾಕು ಅಣ್ಣಾ.

ದಾಕ್ಷಾಯಣಿ


ಪುಣೆ
18 ಡಿಸೆಂಬರ್ 2023

ಸಾಜಿದಣ್ಣ,

ನಿಮ್ಮಿಂದ ಏನೂ ಬರಲಿಲ್ಲ. ತಾನಾಜಿಯನ್ನು ಪ್ರತಿ ವಾರ ಕೇಳುತ್ತೇನೆ. "ಡಬ್ಬಿ ಕೊಟ್ಟಿಲ್ರಿ ಅವ್ರು. ಮನಿ ಮುಂದ ಕುಂತಿದ್ರು, ನಾ ಕೂಗಿದ್ರ ಹೊಳ್ಳಿ ನೋಡಲಿಲ್ಲ" ಎಂದ. ಅಪ್ಪನಿಗೆ ಫೋನ್ ಮಾಡಿ ನಿಮ್ಮ ಮನೆಗೆ ಹೋಗಿ ಬಾ ಎಂದೆ. ಹೋಗಿ ಬಂದ ಅಪ್ಪ, "ನೀನ ಕಾಗದಾ ಬರದು ಕೇಳವ್ವಾ" ಎಂದಷ್ಟೇ ಹೇಳಿ ಫೋನಿಟ್ಟ. ಏನಾಗಿದೆ ಅಣ್ಣಾ? ಒಂದೇ ಸಾಲು ಬರೆಯಿರಿ.

ದಾಕ್ಷಾಯಣಿ


ಉಮದಿ
9 ಜನವರಿ 2024

ದಾಕ್ಷಾಯಣಿ,

ನವೆಂಬರಿನ ನಿನ್ನ ಕಾಗದ ಬಂದಾಗ ಎಂಟನೆಯ ಧಾಟಿ ಮುಗಿದಿತ್ತು. ಒಂಬತ್ತನೆಯದು ಒಂದೇ ತಾನೇ, ಮುಗಿಸಿ ಪೆಡಲು ಕಳಿಸಿದರಾಯಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಕೂತೆ. ಚೆನ್ನಾಗಿ ಬಂತು. ಮುಗಿಸಿ ಹೆಡ್‌ಫೋನ್ ತೆಗೆದೆ. ಕರೆಂಟು ಹೋಯಿತು ಎಂದುಕೊಂಡೆ, ಏಕೆಂದರೆ ಫ್ಯಾನಿನ ಸದ್ದಿರಲಿಲ್ಲ. ಮೇಲೆ ನೋಡಿದರೆ ಫ್ಯಾನು ತಿರುಗುತ್ತಿತ್ತು.

ವಿಜಯಪುರಕ್ಕೆ ಹೋದೆವು, ಮಿರಜಿಗೂ ಹೋದೆವು. ಸೂಜಿ, ಗುಳಿಗೆ ಎಲ್ಲ ಆಯಿತು. ಕಿವಿಗೆ ಮಷೀನು ಹಾಕಿ ನೋಡಿದರು. ಅದನ್ನು ಹಾಕಿಕೊಂಡರೆ ಗರ್ ಎಂಬುದೊಂದು ಬರುತ್ತದೆ, ಮಾತು ಬರುವುದಿಲ್ಲ. ಇನ್ನು ಹೀಗೇ ಎಂದು ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದರು.

ಮನೆಗೆ ಬಂದ ಮೇಲೆ ಕೈಗೆ ಕೆಲಸವಿರಲಿಲ್ಲ. ಕೆಟ್ಟಿದೆ ಎಂದೆಯಲ್ಲ, ಆ ಪೆಡಲನ್ನು ಬಿಚ್ಚಿದೆ. ಏನೂ ಕೆಟ್ಟಿರಲಿಲ್ಲ. ಕಂಪನಿಯವರು ಹಾಕದ ಒಂದು ಕೆಪಾಸಿಟರು ಮಾತ್ರ ಅಲ್ಲಿತ್ತು. ಮೊನಚು ಸದ್ದನ್ನೆಲ್ಲ ಹೊರಗೆ ಬಿಡದೆ ಒಳಗೇ ನುಂಗುವ ಜಾಗದಲ್ಲಿ ಕೂರಿಸಲಾಗಿತ್ತು. ಬೆಸುಗೆ ಕೈಯಿಂದ ಹಾಕಿದ್ದು. ಕೆಪಾಸಿಟರಿನ ತಂತಿಗಾಲನ್ನು ಮೊದಲು ಸುತ್ತಿ, ಆಮೇಲೆ ಬೆಸೆದಿದ್ದು. ನಿನಗೆ ಹಾಗೆ ಬೆಸೆಯಲು ಕಲಿಸಿದವನು ನಾನು.

ಎಲ್ಲ ಒಮ್ಮೆಗೇ ತಿಳಿಯಿತು. ಮೊದಲ ಧಾಟಿಯೇ ಕರ್ಕಶವಾಗಿತ್ತು, ಅಲ್ಲವೇ? ನನ್ನ ಕಿವಿ ಎಲ್ಲಿಯವರೆಗೆ ಹೋಗಿದೆ ಎಂದು ನಿನಗೆ ಆಗಸ್ಟಿನಲ್ಲೇ ಗೊತ್ತಾಗಿತ್ತು. ನನಗೆ ಹೇಳಲಿಲ್ಲ. ಚಲೋ ಬಂದಿದೆ ಎಂದು ಬರೆದೆ, ಅತ್ತ ಕಳ್ಳತನದಿಂದ ನನ್ನ ಸದ್ದನ್ನು ತಿದ್ದಿದೆ. ನೀನು ಮೊನಚನ್ನು ಕಳೆದೆ, ನಾನು ಅದನ್ನು ಹುಡುಕುತ್ತ ಆವಾಜು ಏರಿಸಿದೆ. ನೀನು ಇನ್ನೊಂದು ಮಾತು ಹೊಗಳಿದೆ, ನಾನು ಇನ್ನಷ್ಟು ಏರಿಸಿದೆ.

ನಾಬು ತಿರುಗಿಸಿದ ಕೈ ನನ್ನದು. ಡಾಕ್ಟರು ಹೇಳಿದ್ದರು, ಸುಲತಾನಾ ಅತ್ತಿದ್ದಳು, ಯಾರ ಮಾತನ್ನೂ ಕೇಳದವನು ನಾನು. ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ನಿನ್ನ ಮಾತನ್ನು ಕೇಳುತ್ತಿದ್ದೆ, ದಾಕ್ಷಾ. ಆಗಸ್ಟಿನಲ್ಲಿ ನೀನು ಒಂದು ಸಾಲು ಬರೆದಿದ್ದರೆ ನಾನು ಬೈಯುತ್ತಿದ್ದೆ, ಎರಡು ದಿನ ಉಣ್ಣುತ್ತಿರಲಿಲ್ಲ, ಮೂರನೆಯ ದಿನ ಗಿಟಾರನ್ನು ಗೂಟಕ್ಕೆ ಹಾಕುತ್ತಿದ್ದೆ. ನನಗೆ ನೋವಾಗುತ್ತದೆ ಎಂದು ಸುಮ್ಮನಾದೆಯಾ? ನೋವಾಗಲಿ ಬಿಡಬೇಕಿತ್ತು. ನಾನು ನಿನಗೆ ಹಾಗೆ ಕಲಿಸಿರಲಿಲ್ಲ.

ಈಗ ಒಂದು ಕೆಲಸ ಮಾಡು. ಕೊನೆಯ ಧಾಟಿ ಬಾರಿಸಿದ ಆ ಬೆಳಿಗ್ಗೆ, ನಾನು ಇನ್ನೂ ಹೆಡ್‌ಫೋನ್ ತೆಗೆದಿರದಾಗ, ಸನಾ ಕೋಣೆಗೆ ಬಂದು ಏನೋ ಹೇಳಿದಳು. ಬಾಯಿ ಆಡಿದ್ದು ಕಂಡಿತು. ನಾನು ಅವಳ ಕಡೆ ಸರಿಯಾಗಿ ತಿರುಗಲೂ ಇಲ್ಲ. ಹೆಡ್‌ಫೋನ್ ಆಗಲೇ ತೆಗೆದಿದ್ದರೆ ಒಂದು ಮಾತಾದರೂ ಸಿಗುತ್ತಿತ್ತೋ ಏನೋ. ಏನು ಹೇಳಿದೆ ಎಂದು ಈಗ ಬರೆಸಿ ಕೇಳಿದರೆ ನೆನಪಿಲ್ಲ ಎಂದು ಬರೆಯುತ್ತಾಳೆ. ಎಂಟು ವರ್ಷದ ಹುಡುಗಿಗೆ ಹೇಗೆ ನೆನಪಿರುತ್ತದೆ? ಅವಳು ಈಗಲೂ ನನ್ನ ಮುಂದೆ ಕೂತು ಮಾತಾಡುತ್ತಾಳೆ, ಮರೆತು ಮಾತಾಡುತ್ತಾಳೆ, ಆಮೇಲೆ ನೆನಪಾಗಿ ಸುಮ್ಮನಾಗುತ್ತಾಳೆ. ಅವಳ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ಆ ಜಾಗದಲ್ಲಿ ಗಿಟಾರೇ ಬರುತ್ತದೆ. ಎಷ್ಟು ಸಲ ಪ್ರಯತ್ನ ಮಾಡಿದರೂ ಅದೇ.

ಮೈಕು ಚಾಲೂ ಇತ್ತು. ಹಾಗಾಗಿ ಅವಳ ದನಿ ರೆಕಾರ್ಡಿಂಗಿನ ಕೊನೆಯಲ್ಲಿ ಬಿದ್ದಿರಬೇಕು. ಪೆನ್‌ಡ್ರೈವ್ ಕಳಿಸಿದ್ದೇನೆ. ಕೊನೆಯ ಎರಡೂ ಧಾಟಿ ಅದರಲ್ಲಿವೆ. ಸುಲತಾನಾಳಿಗೆ ಕೇಳಿಸಲು ನನಗೆ ಧೈರ್ಯವಾಗಲಿಲ್ಲ. ನೀನು ಕೇಳು. ಸನಾ ಏನಂದಳು, ಹೇಗಂದಳು, ನಗುತ್ತಿದ್ದಳೋ ಸಿಟ್ಟಿನಲ್ಲಿದ್ದಳೋ, ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಎಲ್ಲ ಬರೆದು ಕಳಿಸು. ನಾನು ಓದಿ ತಿಳಿದುಕೊಳ್ಳುತ್ತೇನೆ. ಧಾಟಿ ಹೇಗೆ ಬಂದಿದೆ ಎಂದು ಬರೆಯಬೇಡ. ನನಗೆ ಬೇಕಿಲ್ಲ.

ಸಾಜಿದ


ಪುಣೆ
16 ಜನವರಿ 2024

ಸಾಜಿದಣ್ಣ,

ನೀವು ಬರೆದದ್ದೆಲ್ಲ ನಿಜ. ಕೆಪಾಸಿಟರು ನಾನೇ ಹಾಕಿದ್ದು. ಆಗಸ್ಟಿನಲ್ಲಿ ನಿಮಗೆ ಖರೆ ಬರೆದಿದ್ದೆ, ಮರುದಿನ ಅದನ್ನು ಕಳಿಸುವ ಧೈರ್ಯವಾಗಲಿಲ್ಲ. ಗುರುವಿಗೆ ನಿಮ್ಮ ಕಿವಿ ಹೋಗಿದೆ ಎಂದು ನಾನು ಹೇಗೆ ಹೇಳಲಿ ಎಂದುಕೊಂಡೆ. ಸದ್ದನ್ನು ನಾನು ಸರಿಮಾಡಿಬಿಟ್ಟರೆ ನಿಮಗೆ ಧಾಟಿಗಳಾದರೂ ಉಳಿಯುತ್ತವೆ ಎಂದುಕೊಂಡೆ. ಮೊನಚು ಸಿಗದಿದ್ದರೆ ನೀವು ಆವಾಜು ಏರಿಸುತ್ತೀರಿ ಎಂಬುದು ಇಷ್ಟು ವರ್ಷ ಈ ಟೇಬಲ್ಲಿಗೆ ಕೂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಏಳೇ ಸಾಕು ಎಂದು ಬರೆದಾಗಲೂ ಪೆಡಲು ಕೆಟ್ಟಿದೆ ಎಂಬ ಸುಳ್ಳಿನ ಹಿಂದೆ ಅಡಗಿಕೊಂಡೆ. ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ.

ನೀವು ಹೇಳಿದ ಕೆಲಸ ಮಾಡಿದೆ. ಅಂಗಡಿ ತೆರೆಯುವ ಮೊದಲು ಬಂದು ದೊಡ್ಡ ಸ್ಪೀಕರಿನಲ್ಲಿ ಕೇಳಿದೆ, ಆಮೇಲೆ ಹೆಡ್‌ಫೋನಿನಲ್ಲಿ ಕೇಳಿದೆ. ಧಾಟಿ ಮುಗಿದ ಮೇಲೆ ಆಂಪಿನ ಗುಂಯ್ ಎನ್ನುವ ಸದ್ದಿದೆ. ನಿಮ್ಮ ಉಸಿರಿದೆ. ಬಾಗಿಲು ಕಿರ್ ಎಂದದ್ದಿದೆ. ಅಷ್ಟೇ. ಬಾಗಿಲು ತೆರೆದ ಕೂಡಲೇ ನೀವು ರೆಕಾರ್ಡಿಂಗ್ ನಿಲ್ಲಿಸಿದ್ದೀರಿ. ಯಾರಾದರೂ ಒಳಗೆ ಬಂದರೆ ನಾವೆಲ್ಲ ಮಾಡುವುದು ಅದನ್ನೇ, ಕೈ ತಾನಾಗಿಯೇ ಹೋಗುತ್ತದೆ. ಅದಕ್ಕೇ ಅದು ನಿಮಗೆ ನೆನಪಿಲ್ಲ.

"ಅಬ್ಬಾ, ಊಟಕ್ಕ ಬರ್ರಿ, ಅಮ್ಮಿ ಕರಿಯಾಕತ್ತಾಳ" ಎಂದು ಅಂದಳು, ನಗುತ್ತ ಅಂದಳು ಎಂದು ಬರೆಯಲು ಪೆನ್ನು ಹಿಡಿದಿದ್ದೆ. ಅರ್ಧ ಬರೆದೂ ಇದ್ದೆ. ನೀವು ನಂಬುತ್ತಿದ್ದಿರಿ, ಅದನ್ನೇ ಹಿಡಿದುಕೊಂಡು ಇರುತ್ತಿದ್ದಿರಿ. ಆ ಹಾಳೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ಸನಾಳ ದನಿ ಅದರಲ್ಲಿಲ್ಲ, ಅಣ್ಣಾ. ಉಳಿದ ಎಂಟನ್ನೂ ಕೊನೆಯತನಕ ಕೇಳಿದೆ. ಒಂದರಲ್ಲೂ ಇಲ್ಲ.

ದಾಕ್ಷಾಯಣಿ